ಉಳಿತಾಯದ ಹೊಗೆ

ಮದುವೆಯಾಗಿ ವಿಜಯನಗರದ ಮನೆಗೆ ಬಂದ ದಿನ ನನ್ನನ್ನು ಮೊದಲು ಎದುರುಗೊಂಡದ್ದು ಒಂದು ಸೀನು. ಆರತಿ ತಟ್ಟೆ ಹಿಡಿದವರೂ ಸೀನುತ್ತಿದ್ದರು, ಯಾರೂ ಅದನ್ನು ಅಪಶಕುನ ಅಂದುಕೊಳ್ಳಲಿಲ್ಲ. ಹಿತ್ತಲಿನ ಶೀಟಿನ ಶೆಡ್ಡಿನಲ್ಲಿ ಸಾರಿನ ಪುಡಿ, ಹುಳಿಪುಡಿ ತಯಾರಾಗುತ್ತಿತ್ತು. ಅದೇ ಮನೆಯ ವ್ಯಾಪಾರ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಹುರಿಯುವುದು ನನ್ನ ವಾರಗಿತ್ತಿಯ ಕೆಲಸ, ಪೊಟ್ಟಣಗಳನ್ನು ಅಂಗಡಿಗಳಿಗೆ ಹಾಕಿ ಬರುವುದು ಅವರ ಗಂಡನ, ಅಂದರೆ ನಮ್ಮ ಭಾವನ ಕೆಲಸ. ವಾರಗಿತ್ತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಗಂಡ ಫ್ಯಾಕ್ಟರಿ ನೌಕರಿಯವರು. ಪುಡಿಯ ವಿಷಯಕ್ಕೆ ಅವರು ಬರುತ್ತಿದ್ದದ್ದು ಊಟಕ್ಕೆ ಕೂತಾಗ ಮಾತ್ರ.

ಗ್ಯಾಸಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಶೆಡ್ಡಿನಲ್ಲಿದ್ದದ್ದು ಹೊಟ್ಟಿನ ಒಲೆಗಳು. ತಗಡಿನ ಡಬ್ಬದ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಗಟ್ಟಿಯಾಗಿ ತುಂಬಿ, ಬಾಟಲಿ ಎಳೆದರೆ ಒಲೆ ಸಿದ್ಧ. ಮಾಗಡಿ ರೋಡಿನ ಮರ ಕೊಯ್ಯುವ ಮಿಲ್ಲುಗಳಿಂದ ಹೊಟ್ಟು ಚೀಲಗಟ್ಟಲೆ ಬರುತ್ತಿತ್ತು. ಆದರೆ ಈ ಒಲೆಯದ್ದು ಒಂದು ಹಟ. ಒಮ್ಮೆ ಹಚ್ಚಿದರೆ ತುಂಬಿದ್ದೆಲ್ಲ ಉರಿದು ಮುಗಿಯಬೇಕು. ನಡುವೆ ಆರಿಸಲು ಹೋದರೆ ಹೊಗೆ ತುಂಬಿ ಶೆಡ್ಡಿನಲ್ಲಿ ನಿಲ್ಲುವ ಹಾಗಿಲ್ಲ.

ಅಂಥ ಒಲೆ ನಮ್ಮಲ್ಲಿ ನಾಲ್ಕಿದ್ದವು. ಕೊತ್ತಂಬರಿ ಬೀಜಕ್ಕೊಂದು, ಬೇಳೆಗೊಂದು, ಮೆಂತ್ಯ ಜೀರಿಗೆಗೊಂದು, ಮೆಣಸಿನಕಾಯಿಗೊಂದು. ಮೆಂತ್ಯ ಹುರಿಯಲು ಎಷ್ಟು ಹೊತ್ತು ಬೇಕು? ಘಮ್ಮೆಂದ ಕೂಡಲೇ ಇಳಿಸಬೇಕು. ಅದರ ಒಲೆ ಮಾತ್ರ ಮಧ್ಯಾಹ್ನದವರೆಗೆ ಯಾರಿಗೂ ಬೇಡವಾಗಿ ಉರಿಯುತ್ತಿತ್ತು.

"ಒಂದರ ಮೇಲೇ ಎಲ್ಲಾನೂ ಹುರಿಯೋಕಾಗಲ್ವಾ ಅಕ್ಕ?" ಎಂದು ಕೇಳಿದ್ದೆ.

"ಛೀ, ಮೆಣಸಿನಕಾಯಿ ಘಾಟು ಕೊತ್ತಂಬರಿಗೆ ಹತ್ಕೊಳಲ್ವೇನೇ? ಅತ್ತೆ ಕಾಲದಿಂದಾನೂ ಬೇರೆ ಬೇರೆನೇ."

ಅತ್ತೆಯ ಕಾಲದಲ್ಲಿ ಬೇರೆ ಇದ್ದದ್ದು ಬಾಣಲೆ. ಮನೆಯಲ್ಲಿ ಆಗ ಒಲೆ ಇದ್ದದ್ದೇ ಒಂದು. ವ್ಯಾಪಾರ ಬೆಳೆದ ಹಾಗೆ ಆ ಮಡಿ ಬಾಣಲೆಯಿಂದ ಇಳಿದು ಒಲೆಗೂ ಹತ್ತಿತ್ತು. ಬೆಂಕಿಗೆ ಯಾವ ಘಾಟು ಹತ್ತುತ್ತದೆ? ಇದನ್ನು ಹೇಳಲು ನನಗೆ ಧೈರ್ಯ ಬರಲಿಲ್ಲ. ಹೊಸ ಸೊಸೆ, ಅದೂ ಬಾಯಿ ಜೋರು ಎಂದು ಆಗಲೇ ಹೆಸರು ತೆಗೆದುಕೊಂಡವಳು.

ಧೈರ್ಯ ಬಂದದ್ದು ಅಕ್ಕನ ಉಸಿರು ಕೇಳಿ. ಎರಡು ಮೆಟ್ಟಿಲು ಹತ್ತಿದರೆ ನಿಲ್ಲುತ್ತಿದ್ದರು. ಒಂದು ಮಾತನ್ನು ಮೂರು ತುಂಡು ಮಾಡಿ ಆಡುತ್ತಿದ್ದರು. ರಾಜಾಜಿನಗರದ ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ. "ಹೊಗೆ ಕಡಿಮೆ ಮಾಡ್ಲೇಬೇಕಮ್ಮ. ಇಲ್ಲಾಂದ್ರೆ ನಾನು ಕೊಡೋ ಔಷಧಿಯೆಲ್ಲ ದಂಡ" ಎಂದರು. ಬಸ್ಸಿನಲ್ಲಿ ಬರುವಾಗ ನಾನು ಒಲೆಗಳ ಲೆಕ್ಕ ಹಾಕುತ್ತಿದ್ದೆ. ಅಕ್ಕ ಕಿಟಕಿಯಾಚೆ ನೋಡುತ್ತಾ ಅಂಗಡಿಗಳ ಬೋರ್ಡು ಓದುತ್ತಿದ್ದರು.

ಮರುದಿನ ನಾನೇ ಶೆಡ್ಡಿಗೆ ನುಗ್ಗಿದೆ. ಎರಡು ಒಲೆಗಳನ್ನು ಹೊರಗೆ ತಂದು ಕವುಚಿ ಹಾಕಿದೆ. ಉಳಿದ ಎರಡರಲ್ಲೂ ಮೊದಲು ಜೋರು ಉರಿಗೆ ಬೇಳೆ, ಆಮೇಲೆ ಕೊತ್ತಂಬರಿ, ಉರಿ ತಗ್ಗಿದಾಗ ಮೆಂತ್ಯ ಜೀರಿಗೆ, ಕೊನೆಯ ಕೆಂಡಕ್ಕೆ ಮೆಣಸಿನಕಾಯಿ. ಬಾಣಲೆ ಬೇರೆ ಬೇರೆಯೇ ಇರಲಿ, ಬೆಂಕಿ ಒಂದೇ. ಮಹಡಿಯ ಬಿಸಿಲಿನಲ್ಲಿ ಎಲ್ಲವನ್ನೂ ಗಲಗಲ ಎನ್ನುವಂತೆ ಒಣಗಿಸಿಕೊಟ್ಟದ್ದರಿಂದ ಹುರಿಯುವ ಹೊತ್ತೂ ಇಳಿಯಿತು. ಅಕ್ಕ ಗೊಣಗಿದರು, ಕೊತ್ತಂಬರಿಯನ್ನು ಮತ್ತೆ ಮತ್ತೆ ಮೂಸಿದರು, ಘಾಟು ಸಿಗಲಿಲ್ಲ. ಎರಡೇ ಒಲೆಯಲ್ಲಿ ಅಷ್ಟೇ ಪುಡಿ ಆಯಿತು. ಎದುರು ಗೋಡೆ ಹೊಗೆಯಿಲ್ಲದೆ ಕಂಡಿತು. ಕೆಲವು ವಾರಗಳಲ್ಲಿ ಅಕ್ಕ ನಿಲ್ಲದೆ ಮಹಡಿ ಹತ್ತಿ ಬಂದು, "ನೋಡೇ, ಬಂದೆ" ಎಂದರು. ನನಗೆ ಕುಣಿಯಬೇಕು ಅನ್ನಿಸಿತ್ತು.

ಹೊಟ್ಟಿನ ಚೀಲಗಳು ಮೂಲೆಯಲ್ಲಿ ಮಿಕ್ಕತೊಡಗಿದ್ದನ್ನು ಭಾವ ನೋಡಿದರು. ಕೆಟ್ಟವರಲ್ಲ ಅವರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾದರೂ ಸುಲಭವಾಗುತ್ತಿತ್ತು. ಬಸವೇಶ್ವರನಗರ, ಮಹಾಲಕ್ಷ್ಮಿ ಲೇಔಟ್ ಕಡೆಯ ಅಂಗಡಿಗಳಿಗೂ ಪುಡಿ ಹಾಕುವುದಾಗಿ ಒಪ್ಪಿಕೊಂಡು ಬಂದುಬಿಟ್ಟರು.

"ಮಿಕ್ಕಿರೋ ಹೊಟ್ಟಲ್ಲಿ ಇನ್ನಷ್ಟು ಮಾಡಬಹುದಲ್ಲಮ್ಮ. ನಿನ್ನ ಐಡಿಯಾನೇ ಇದು" ಎಂದರು, ನನ್ನನ್ನು ಹೊಗಳುವ ದನಿಯಲ್ಲಿ.

ನನಗೆ ಮೈಯೆಲ್ಲ ಉರಿದುಹೋಯಿತು. "ಹೊಟ್ಟು ಉಳೀಲಿ ಅಂತ ಮಾಡಿದ್ದಲ್ಲ ಭಾವ. ಅಕ್ಕ ಉಳೀಲಿ ಅಂತ."

ಭಾವ ತಲೆ ತಗ್ಗಿಸಿದರು. ಆಗ ಮಾತಾಡಿದ್ದು ಅಕ್ಕ. "ಸುಮ್ನಿರೇ ನೀನು. ಅಷ್ಟು ದೂರದ ಅಂಗಡಿಯವರು ನನ್ನ ಪುಡಿ ಬೇಕು ಅಂತಿದಾರೆ. ಬೇಡ ಅನ್ನೋಕೆ ನಂಗೆ ಬಾಯಿ ಹೆಂಗೆ ಬರುತ್ತೆ?" ಅಷ್ಟನ್ನೂ ತುಂಡು ಮಾಡದೆ ಒಂದೇ ಉಸಿರಿಗೆ ಹೇಳಿದರು. ಹೊಗೆ ಇಳಿದದ್ದಕ್ಕೇ ಆ ಉಸಿರು ಬಂದಿರುವುದು ಎಂದು ನಾನು ಕೂಗಾಡಿದೆ. ಅವರು ನಕ್ಕರು.

ಕವುಚಿದ ಒಲೆಗಳು ಮತ್ತೆ ಒಳಗೆ ಹೋದವು. ನಾಲ್ಕೂ ಒಲೆಗಳಲ್ಲಿ ನಾನು ಹೇಳಿಕೊಟ್ಟ ಕ್ರಮದಲ್ಲೇ, ಒಂದು ಹಿಡಿ ಹೊಟ್ಟೂ ದಂಡವಾಗದ ಹಾಗೆ, ಅಕ್ಕ ಸಂಜೆಯವರೆಗೆ ಹುರಿದರು. ಈಗಿನ ಕಂಪನಿಗಳವರು ಒಂದೊಂದು ಸಾಮಾನಿಗೆ ಗಾಳಿಗೆ ಬಿಡುವ ಇಂಗಾಲ ಇಷ್ಟಿಷ್ಟು ಇಳಿಸಿದೆವು ಎಂದು ಬೀಗುವಾಗ ನಾನು ಕೇಳುವುದು ಒಂದೇ: ಸಾಮಾನು ಎಷ್ಟು ಜಾಸ್ತಿ ಮಾಡಿದಿರಿ? ಪುಡಿಯ ಒಂದು ಪೊಟ್ಟಣಕ್ಕೆ ನಮ್ಮಲ್ಲೂ ಹೊಗೆ ಇಳಿದಿತ್ತು. ಪೊಟ್ಟಣಕ್ಕೆ ಎದೆ ಇರಲಿಲ್ಲ, ಅಕ್ಕನಿಗಿತ್ತು.

ನಾನು ಬಾಣಲೆ ಹಿಡಿದು ಹೋದರೆ ಅಕ್ಕ ಬಾಗಿಲಲ್ಲೇ ಅದನ್ನು ಇಸಿದುಕೊಳ್ಳುತ್ತಿದ್ದರು. "ನೀನು ಒಳಗೆ ಬರಬೇಡ ಕಣೇ, ಹೊಗೆ ಇದೆ."

ಆ ಬೇಸಿಗೆ ಮುಗಿಯುವ ಮೊದಲೇ ಉಸಿರು ಕಟ್ಟಿದ ಅವರನ್ನು ಆಟೋದಲ್ಲಿ ಒಯ್ದು ಆಸ್ಪತ್ರೆಗೆ ಸೇರಿಸಬೇಕಾಯಿತು. ಜೀವ ಉಳಿಯಿತು. ಇನ್ನು ಒಲೆಯ ಮುಂದೆ ಕೂರುವಂತಿಲ್ಲ ಎಂದರು ಅಲ್ಲಿಯ ಡಾಕ್ಟರು. ಮಾತಾಡುವಷ್ಟು ಆದಾಗ ಅಕ್ಕ ನನ್ನನ್ನು ಹತ್ತಿರ ಕರೆದು, "ಒಲೆ ಯಾರು... ನೋಡ್ಕೋತಿದಾರೆ?" ಎಂದರು.

"ಯಾರೂ ಇಲ್ಲ ಅಕ್ಕ. ಹಚ್ಚೋದೇ ನಿಲ್ಸಿದೀವಿ. ಇನ್ಮೇಲೆ ನಿಮ್ಮ ಪುಡಿ ಬರಲ್ಲ ಅಂತ ಭಾವ ಎಲ್ಲ ಅಂಗಡಿಗೂ ಹೇಳಿ ಬಂದ್ರು."

ಸಮಾಧಾನವಾಗುತ್ತದೆ ಎಂದುಕೊಂಡೇ ಹೇಳಿದೆ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿ ಅತ್ತರು. ಎಷ್ಟೋ ವರ್ಷ ಹೊಗೆಗೆ ಸುರಿಯುತ್ತಿದ್ದ ಕಣ್ಣೀರನ್ನು ಬಿಟ್ಟರೆ, ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.