ಖಂಡೇಪೂಜೆಯ ದಿನ ನಿಲ್ಲದ ಯಂತ್ರಗಳು

ಸೊಸೆ ಏನು ಕಲಿಯುತ್ತಾಳೆಂದು ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ: ಒಂದು ದೊಡ್ಡ ಲೆಕ್ಕವನ್ನು ಹತ್ತಾರು ಕಂಪ್ಯೂಟರುಗಳಿಗೆ ಹಂಚುತ್ತಾಳೆ. ಪ್ರತಿಯೊಂದೂ ತನ್ನ ಪಾಲು ಮಾಡಿ, ಉತ್ತರವನ್ನು ಪಕ್ಕದ್ದಕ್ಕೆ ತಿಳಿಸಿ, ಅದರ ಉತ್ತರ ಕೇಳಿಕೊಂಡು ತನ್ನದನ್ನು ಮತ್ತೆ ತಿದ್ದುತ್ತದೆ. ಉತ್ತರ ಬದಲಾಗುವುದು ನಿಲ್ಲುವವರೆಗೆ ಸುತ್ತು ನಡೆದೇ ಇರುತ್ತದೆ. ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿದೀತೆಂದು ಮೊದಲೇ ಹೇಳುವ ಪ್ರೋಗ್ರಾಮೊಂದನ್ನು ಅವಳು ಬರೆದಿದ್ದಳು. ಅದು ಮೂರು ತಾಸು ಎಂದಿತ್ತು. ಖರೆಯೋ ಸುಳ್ಳೋ ನೋಡಲು ಒಮ್ಮೆಯಾದರೂ ಲೆಕ್ಕವನ್ನು ನಿಜವಾಗಿ ಓಡಿಸಬೇಕು. ದಸರೆ ಮುಗಿದ ಕೂಡಲೇ ಪಿಎಚ್‌ಡಿ ಗೈಡಿಗೆ ಫಲಿತಾಂಶ ಒಪ್ಪಿಸಬೇಕಿತ್ತು.

ಬೆಳಗಾವಿ ಹಿಂದವಾಡಿಯ ನಮ್ಮ ಅಡುಗೆಮನೆಯಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಅವಳು ಹೇಳಿದಳು, "ಲೆಕ್ಕಾ ಓಡಸೂದು ನವಮಿ ದಿನಾ ಇಟ್ಟೀನ್ರಿ ಅತ್ತಿ. ಸೂಟಿ ಐತಿ. ಇಲ್ಲಿ ಬೆಳಗಾವಿ ಲ್ಯಾಬು, ಅಲ್ಲಿ ಖಾನಾಪುರ ಕಾಲೇಜಿಂದು, ಎರಡೂ ಖಾಲಿ. ಎರಡನ್ನೂ ಜೋಡಿಸಿ ಓಡಸ್ತೀನಿ."

"ಅಲ್ಲ ಯವ್ವಾ, ಅವತ್ತ ಖಂಡೇಪೂಜಾ. ಯಂತ್ರ ಬಂದ್ ಮಾಡಿ ಕುಂಕುಮಾ ಹಚ್ಚಿ ಇಟ್ಟಿರ್ತಾರ. ಯಾರರ ಮುಟ್ಟತಾರೇನ?"

ಅವಳ ಕೈ ನಿಂತಿತು. "ಒಂದು ನಿಂತರ ಉಳಿದಾವೆಲ್ಲಾ ಕಾಯ್ಕೋತ ಕುಂದರ್ತಾವ್ರಿ. ಬ್ಯಾರೆ ದಿನಾ ಹುಡುಗರ ಪ್ರಾಕ್ಟಿಕಲ್ ಅದಾವು."

ಅವತ್ತು ಬೆಳಗಾವಿ ಲ್ಯಾಬಿನಲ್ಲಿ ಅವಳೇ ಇರುತ್ತಾಳೆ. ಖಾನಾಪುರದ ಪ್ರಿನ್ಸಿಪಾಲರೂ ಒಪ್ಪಿದ್ದರು. ಆದರೆ ಅಲ್ಲಿ ಪೂಜೆ ಮಾಡಿ ಯಂತ್ರ ಆರಿಸುವವರು ಲ್ಯಾಬಿನ ಸಿಪಾಯಿ, ಅಂದರೆ ಅಟೆಂಡರು. ನನ್ನ ತವರಿನ ಓಣಿಯವರು, ನಾನು ಅಣ್ಣ ಎನ್ನುವವರು. ಆ ದಿನ ಆಯುಧ ದುಡಿಸಬಾರದೆಂದು ನಾನೂ ನಂಬಿದವಳೇ. ನನ್ನ ಈಳಿಗೆಯನ್ನೂ ಅವತ್ತು ಮುಟ್ಟುವುದಿಲ್ಲ. ಖಾನಾಪುರದ ಬಸ್ಸಿನಲ್ಲಿ ಕುಳಿತು ದೇವಿಗೆ ಒಂದೇ ಮಾತು ಹೇಳಿದೆ: ತಪ್ಪಾದರೆ ನನಗಿರಲಿ, ಹುಡುಗಿಗೆ ಬೇಡ.

ನವಮಿಯಂದು ಯಂತ್ರ ಆರಿಸಬೇಡ ಎಂದು ಕೇಳಿಕೊಂಡಾಗ ಅಣ್ಣ ನಕ್ಕರು. "ಏನವಾ ತಂಗಿ, ಬೆಳಗಾವಿ ಸೇರಿ ದೇವರ್ನ ಬಿಟ್ಟಿಯೇನು?"

"ಬಿಟ್ಟಿಲ್ಲೋ ಯಣ್ಣಾ. ದೀಪಾ ಆರಿಸಿ ಪೂಜಾ ಮಾಡ್ತೀವೇನು? ಚಾಲೂ ಇದ್ದಾಗ್ಲೇ ಹೂವು ಏರಸು."

ಅವರು ಲ್ಯಾಬಿನ ಬಾಗಿಲು ತೆರೆದು ಯಂತ್ರಗಳ ಸಾಲನ್ನೊಮ್ಮೆ ನೋಡಿದರು. ಆಮೇಲೆ, "ಹಂಗಾದ್ರ ಕಾಯಿ ಹೊರಗ ಒಡೀಬೇಕು. ನೀರು ಸಿಡೀಬಾರ್ದು," ಎಂದರು. ಒಪ್ಪಿದರೆಂದು ತಿಳಿಯಿತು.

ನವಮಿಯಂದು ಮನೆಯ ಪೂಜೆಯನ್ನು ನಸುಕಿನಲ್ಲೇ ಮುಗಿಸಿ ಮತ್ತೆ ಖಾನಾಪುರಕ್ಕೆ ಹೋದೆ. ಯಂತ್ರದ ಗಾಳಿಕಂಡಿಗೆ ಚೆಂಡುಹೂವಿನ ಎಸಳು ಬೀಳದಂತೆ ಕಾಯುವುದು ನನ್ನ ಪಾಲಿನ ಕೆಲಸ. ಕರೆಂಟು ಹೋಗಲಿಲ್ಲ, ಅದೇ ದೊಡ್ಡದು. ಲೆಕ್ಕ ಶುರುವಾಗಿ ಮೂರು ತಾಸು ಕಳೆಯಿತು. ಲೆಕ್ಕ ಮುಗಿಯಲಿಲ್ಲ. ನಾಲ್ಕನೆಯ ತಾಸು ತುಂಬುವ ಮೊದಲು ಸೊಸೆಯ ಫೋನು ಬಂತು.

"ಮುಗೀತ್ರಿ ಅತ್ತಿ! ಎರಡೂರಿನ ಯಂತ್ರ ಮಾತಾಡಾಕ ಹಿಡಿಯೋ ಹೊತ್ತನ್ನ ನಾ ಕಡಿಮಿ ಹಿಡಿದಿದ್ದೆ. ಪ್ರೋಗ್ರಾಮಿನ ತಪ್ಪು ಎಲ್ಲೈತಿ ಅಂತ ಗೊತ್ತಾತು!"

ತಪ್ಪು ಸಿಕ್ಕಿದ್ದಕ್ಕೆ ಇಷ್ಟು ಹಿಗ್ಗುವವರನ್ನು ನಾನು ಕಂಡಿರಲಿಲ್ಲ. ಅಣ್ಣ ಯಂತ್ರಗಳನ್ನು ಒಂದೊಂದಾಗಿ ಆರಿಸಿ, ಮತ್ತೊಮ್ಮೆ ಕುಂಕುಮವಿಟ್ಟು, ಬಾಗಿಲು ಎಳೆದುಕೊಂಡರು. ಉಳಿದ ಹಗಲಾದರೂ ಅವಕ್ಕೆ ವಿಶ್ರಾಂತಿ ಸಿಕ್ಕಿತು. ದೇವಿ ಅಷ್ಟನ್ನು ಒಪ್ಪಿಕೊಂಡಾಳು ಎಂದುಕೊಂಡು ಬಸ್ ಸ್ಟ್ಯಾಂಡಿನತ್ತ ನಡೆದೆ.