ಚನ್ನಬಸಪ್ಪ ವಕೀಲರು ಗೆದ್ದ ಕೇಸು

ಕಕ್ಷಿದಾರರನ್ನು ಬೈಯದೆ ಚನ್ನಬಸಪ್ಪ ವಕೀಲರು ಒಂದು ಕೇಸನ್ನಾದರೂ ಕೈಗೆತ್ತಿಕೊಂಡದ್ದನ್ನು ನಾನು ಕಾಣೆ. ದಾವಣಗೆರೆಯ ಅವರ ಕಚೇರಿಯಲ್ಲಿ ನಾನು ಜೂನಿಯರ್ ಆಗಿದ್ದೆ. ಬಾಗಿಲಲ್ಲೇ ಕೈಮುಗಿದು ನಿಂತವರಿಗೆ, "ಇದೇನು ಸಾಹುಕಾರನ ಪಡಸಾಲೆ ಏನ್ರಿ? ಒಳಗೆ ಬರ್ರಿ, ಕುರ್ಚಿ ಮ್ಯಾಲೆ ಕೂಡ್ರಿ, ಆಮೇಲೆ ಹೇಳ್ರಿ" ಎಂದು ಗದರುತ್ತಿದ್ದರು.

ತೊಂಬತ್ತೇಳರ ಬೇಸಿಗೆಯಲ್ಲಿ ಹಾಗೆ ಬೈಸಿಕೊಂಡು ಕೂತವಳು ಹನುಮಕ್ಕ. ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವವಳು. ಸೌದೆ ಉಳಿಸಲು ಮಾಲೀಕರು ಹಳೆಯ ಟೈರು ಉರಿಸುತ್ತಿದ್ದರು. ಆ ಹೊಗೆಗೆ ಅವಳ ಮೂರು ವರ್ಷದ ಮಗಳು ಉಸಿರಿಗೆ ಒದ್ದಾಡುತ್ತಿದ್ದಳು. ವಕೀಲರು ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. "ಮೊದ್ಲು ನೊಂದೋನೇ ಕೋರ್ಟಿಗೆ ಹೋಗಬೇಕಿತ್ತು. ಈಗ ಅವನ ಪರವಾಗಿ ಯಾರು ಬೇಕಾದ್ರೂ ಹೋಗಬಹುದು. ಇದಕ್ಕಿಂತ ದೊಡ್ಡದು ಏನೈತೋ?" ಎಂದು ಅರ್ಜಿಗೆ ಸಹಿ ಹಾಕುತ್ತ ನನಗೆ ಹೇಳಿದ್ದರು.

ಗೆದ್ದೆವು. ಟೈರು ಉರಿಸುವುದು ನಿಲ್ಲಬೇಕು, ಭಟ್ಟಿಗಳನ್ನು ಊರಾಚೆ ಸಾಗಿಸಿ ಕೂಲಿಯವರಿಗೆ ಅಲ್ಲೇ ಕೆಲಸ ಕೊಡಿಸಬೇಕು ಎಂದಿತ್ತು ತೀರ್ಪು. ಅಧಿಕಾರಿಗಳು ಮೊದಲ ಸಾಲನ್ನಷ್ಟೇ ಓದಿಕೊಂಡರು. ಒಂದೇ ವಾರದಲ್ಲಿ ಭಟ್ಟಿಗಳಿಗೆ ಬೀಗ ಬಿತ್ತು.

ಹನುಮಕ್ಕ ಮತ್ತೆ ಬಂದಳು. ಈ ಸಲ ಕೂರಲಿಲ್ಲ. "ಮಗಳು ಈಗ ಕೆಮ್ಮಲ್ಲ ಸಾಹೇಬ್ರ. ಉಣ್ಣಾಕೆ ಕೊಡು ಅಂತ ಅಳ್ತಾಳೆ" ಎಂದಳು. ಅವರು ಬೈಯಲಿಲ್ಲ. ತೀರ್ಪು ಪಾಲಿಸಿಲ್ಲವೆಂದು ಇನ್ನೊಂದು ಅರ್ಜಿ ಹಾಕಿದರು. ಅದು ತಾರೀಖಿನಿಂದ ತಾರೀಖಿಗೆ ಮುಂದೆ ಹೋಯಿತು. ಹನುಮಕ್ಕ ಮಗಳನ್ನು ಕಟ್ಟಿಕೊಂಡು ಹರಿಹರದ ಹೊಳೆದಂಡೆಯ ಗುಡಿಸಲಿಗೆ, ತನ್ನ ತಾಯಿಯ ಹತ್ತಿರ ಹೋದಳು.

ಮರುವರ್ಷ ಹರಿಹರದ ವ್ಯಾಪಾರಿಯೊಬ್ಬ ನಮ್ಮದೇ ತೀರ್ಪಿನ ನಕಲು ಹಿಡಿದು ಬಂದ. "ಹೊಳೆ ಗಲೀಜಾಗೈತ್ರಿ. ಆ ಗುಡಿಸಲು ಎಬ್ಸಾಕೆ ಇಂಥದ್ದೇ ಒಂದು ಅರ್ಜಿ ಹಾಕ್ರಿ. ಸಾರ್ವಜನಿಕರ ಹಿತ ಅಲ್ಲೇನ್ರಿ?"

"ಗುಡಿಸಲಲ್ಲಿರೋರು ಸಾರ್ವಜನಿಕರಲ್ಲೇನು?" ಎಂದು ವಕೀಲರು ಅವನನ್ನು ಹೊರಗಟ್ಟಿದರು.

ಬೇರೊಬ್ಬ ವಕೀಲರು ಅವನ ಅರ್ಜಿ ಹಾಕಿದರು. ಗುಡಿಸಲಿನವರ ಪರವಾಗಿ ನಿಂತ ಚನ್ನಬಸಪ್ಪನವರು ಸೋತರು. ಆದೇಶಕ್ಕೆ ಕೋರ್ಟು ಆಧಾರವಾಗಿ ಕೊಟ್ಟಿದ್ದು ಅವರೇ ಗೆದ್ದ ಭಟ್ಟಿ ಕೇಸು.

ಗುಡಿಸಲು ಕೆಡವಿದ ದಿನ ನಾವಿಬ್ಬರೂ ಹರಿಹರಕ್ಕೆ ಹೋದೆವು. ಹನುಮಕ್ಕ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ವಕೀಲರನ್ನು ಕಂಡು ಎದ್ದು ನಿಂತು, "ಇನ್ನು ನಮಗೋಸ್ಕರ ಏನೂ ಮಾಡಬ್ಯಾಡ್ರಿ ಯಪ್ಪಾ" ಎಂದಳು. ಸಿಟ್ಟಿನಿಂದಲ್ಲ, ಬೇಡಿಕೊಳ್ಳುವ ಹಾಗೆ.

ಆಮೇಲೆ ಅವರು ಅಂಥ ಅರ್ಜಿ ಬರೆಯಲಿಲ್ಲ. ಎರಡು ವರ್ಷಕ್ಕೆ ತೀರಿಕೊಂಡರು. ಶೋಕಸಭೆಯಲ್ಲಿ ಮಾತಾಡಿದ ವಕೀಲರೆಲ್ಲ ಭಟ್ಟಿ ಕೇಸಿನ ತೀರ್ಪನ್ನೇ ಹೊಗಳಿದರು. ನನ್ನ ಸರದಿ ಬಂದಾಗ ನಾನೂ ಅದನ್ನೇ ಹೊಗಳಿ ಕೂತೆ.