ಸಿಂಧೂರಳ ಖಿಚಡಿ ಪರೀಕ್ಷೆ

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಸಿಂಧೂರಳಿಗೆ ಹತ್ತನೆಯ ತರಗತಿಯ ಹೊತ್ತಿಗೆ ತಲೆಯಲ್ಲಿ ಒಂದೇ ಹುಳ ಹೊಕ್ಕಿತ್ತು. ರಾಷ್ಟ್ರಪತಿ ಗೈಡ್ ಆಗಬೇಕು! ಸ್ಕೌಟ್ಸ್ ಮತ್ತು ಗೈಡ್ಸ್ ಸೇರಿದ ಹುಡುಗಿಯರಿಗೆ ಅದಕ್ಕಿಂತ ದೊಡ್ಡ ಪದವಿ ಇಲ್ಲ. ಸಚಿವಾಲಯದಲ್ಲಿ ಗುಮಾಸ್ತರಾಗಿದ್ದ ಅಪ್ಪ ಅನಂತಮೂರ್ತಿ ಮಗಳ ಸಮವಸ್ತ್ರಕ್ಕೆ ತಾವೇ ಇಸ್ತ್ರಿ ಹಾಕಿಕೊಡುತ್ತಿದ್ದರು. ಅಮ್ಮ ಪದ್ಮಾ ಅವರಿಗೆ ಮಾತ್ರ ಇದೆಲ್ಲ ಅಷ್ಟಕ್ಕಷ್ಟೇ.

"ಹಗ್ಗಕ್ಕೆ ಗಂಟು ಹಾಕೋದು ಕಲಿತು ಏನು ಕಡಿದು ಗುಡ್ಡೆ ಹಾಕ್ತೀಯೇ? ಒಗ್ಗರಣೆ ಹಾಕೋದು ಕಲಿ, ಬಾ."

ಸಿಂಧೂರ ಅದನ್ನೂ ಕಲಿತಳು. ಜೊತೆಗೆ ಅಮ್ಮನ ಅಡುಗೆಮನೆಯ ಕಟ್ಟಳೆಯನ್ನೂ ಕಲಿತಳು: ದೇವರ ಮುಂದಿಡುವ ಮೊದಲು ಅಡುಗೆಯನ್ನು ನಾಲಿಗೆಗೆ ಸೋಕಿಸಕೂಡದು. ಉಪ್ಪು ಹದವಾಗಿದೆಯೋ ಇಲ್ಲವೋ ಕೈಯಳತೆಯಲ್ಲೇ ತಿಳಿಯಬೇಕು.

2005ರ ಚಳಿಗಾಲದಲ್ಲಿ ದೆಹಲಿಯ ಹೊರಗೆ ಅಂತಿಮ ಪರೀಕ್ಷೆಯ ಶಿಬಿರ ನಡೆಯಿತು. ಗಂಟು, ನಕ್ಷೆ, ಪ್ರಥಮ ಚಿಕಿತ್ಸೆ ಎಲ್ಲವೂ ಸಲೀಸಾಗಿ ಮುಗಿದವು. ಉಳಿದದ್ದು ಸೌದೆ ಒಲೆಯ ಅಡುಗೆ. ಅವಳಿಗೆ ಅದೇನು ಮಹಾ! ಪುಲಾವ್‌ಗೆ ಉಪ್ಪು ಹಾಕಿ ಸೌದೆ ತರಲು ಹೋದಳು. ತರಕಾರಿ ಹೆಚ್ಚುತ್ತಿದ್ದ ಗೆಳತಿ, ಇವಳು ಉಪ್ಪು ಮರೆತಳೆಂದುಕೊಂಡು ತಾನೂ ಅಷ್ಟೇ ಉಪ್ಪು ಸುರಿದಳು. ಬಡಿಸುವವರೆಗೂ ಯಾರೂ ರುಚಿ ನೋಡಲಿಲ್ಲ.

ಪರೀಕ್ಷಕಿ ಸರಳಾ ಮೇಡಂ ಒಂದು ತುತ್ತು ಬಾಯಿಗಿಟ್ಟವರು ನೀರಿನ ಲೋಟಕ್ಕೆ ಕೈ ಚಾಚಿದರು. ರುಚಿ ನೋಡಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ದೇವರಿಗಿಡದೆ ನಮ್ಮ ಮನೆಯಲ್ಲಿ ರುಚಿ ನೋಡುವುದಿಲ್ಲ ಎಂದು ಸಿಂಧೂರ ತೊದಲಿದಳು. ಹುಡುಗಿಯರು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ.

"ನಿನ್ನನ್ನ ನಂಬಿ ಊಟಕ್ಕೆ ಕೂತವರಿಗೆ ಏನು ಬಡಿಸ್ತಿದ್ದೀಯ ಅಂತ ನಿನಗೇ ಗೊತ್ತಿಲ್ಲ, ಬೇಟಾ. ನಾಳೆ ಇನ್ನೊಂದು ಅವಕಾಶ ಕೊಡ್ತೀನಿ. ಅದೇ ಕೊನೆ."

ಸಿಂಧೂರಳಿಗೆ ನಾಚಿಕೆಯಿಂದ ಅಳುವೇ ಬಂತು. ರುಚಿ ನೋಡಿದರೆ ಅಮ್ಮನ ಮಾತು ಮೀರಿದಂತೆ. ನೋಡದಿದ್ದರೆ ಇಷ್ಟು ವರ್ಷಗಳ ಕನಸು ನೀರುಪಾಲು.

ಮರುದಿನ ಖಿಚಡಿ ಬೆಂದಾಗ ಒಂದು ಚಮಚದಷ್ಟನ್ನು ಎಲೆಯ ಮೇಲೆ ಹಾಕಿ ಒಲೆಯ ಪಕ್ಕದಲ್ಲಿಟ್ಟು, ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಅದನ್ನೇ ಬಾಯಿಗೆ ಹಾಕಿಕೊಂಡಳು. ಶುದ್ಧ ಸಪ್ಪೆ! ಉಪ್ಪು ಹಾಕಿ ತಿರುವಿದಳು, ಮತ್ತೆ ನೋಡಿದಳು. ಸರಳಾ ಮೇಡಂ ಎರಡನೆಯ ಸಲ ಕೇಳಿ ಬಡಿಸಿಕೊಂಡರು. ಸಿಂಧೂರ ಪಾಸಾದಳು.

ಮನೆಗೆ ಬಂದವಳೇ ಅಮ್ಮನ ಮುಂದೆ ಎಲ್ಲ ಒಪ್ಪಿಸಿದಳು. "ಸಾರಿ ಅಮ್ಮಾ, ದೇವರಿಗೆ ಸಪ್ಪೆ ಖಿಚಡಿ ತಿನ್ನಿಸ್ಬಿಟ್ಟೆ. ಸಚ್ಚಿ, ನಿಜವಾಗ್ಲೂ ಗೊತ್ತಾಗ್ಲಿಲ್ಲ."

ಮುಖ ಗಂಟಿಕ್ಕಿಕೊಂಡು ಕೇಳುತ್ತಿದ್ದ ಪದ್ಮಾ ನಕ್ಕೇಬಿಟ್ಟರು. "ನಾನು ಇಟ್ಟಿದ್ದೆಲ್ಲ ಸರಿಯಾಗೇ ಇತ್ತು ಅಂತ ಏನು ಗ್ಯಾರಂಟಿ? ದೇವರೂ ಬಾಯಿ ಬಿಡಲ್ಲ, ನಿಮ್ಮಪ್ಪನೂ ಬಾಯಿ ಬಿಡಲ್ಲ."

ಪ್ರಶಸ್ತಿ ಬಂದ ದಿನ ಅಕ್ಕಪಕ್ಕದ ಮನೆಗಳಿಗೆಲ್ಲ ಹಂಚಲು ಪದ್ಮಾ ಪಾಯಸ ಮಾಡಿದರು. ದೇವರ ಮುಂದಿಟ್ಟಿದ್ದ ಬಟ್ಟಲನ್ನು ತಂದು ಮೊದಲು ಮಗಳ ಕೈಗೆ ಕೊಟ್ಟರು.

"ನೋಡು, ಸಿಹಿ ಸಾಕಾ? ನೀನು ಹೇಳಿದ ಮೇಲೇ ಹಂಚೋದು."